ಓಡಿದರೆ ಮಂಡಿ ಸವೆಯುತ್ತಾ? ಉಪ್ಪಿನಲ್ಲಿ ಹೂತಿಟ್ಟರೆ ಜೀವ ಬರುತ್ತಾ?

ಬೆಳಗ್ಗೆ ಐದೂಮುಕ್ಕಾಲು. ಮಾರೇನಹಳ್ಳಿಯ ನಮ್ಮ ಬೀದಿಯಲ್ಲಿ ಹಾಲಿನ ಬೂತಿನವರು ಷಟರ್ ಎತ್ತುವ ಹೊತ್ತಿಗೆ ಸರಿಯಾಗಿ ನನ್ನ ಫೋನ್ ಟಿಂಗ್ ಅನ್ನುತ್ತದೆ. (ಜೆ.ಪಿ. ನಗರದ ಕಡೆಯ ಮಾರೇನಹಳ್ಳಿ ಅಲ್ಲ, ವಿಜಯನಗರದ್ದು. ಆಟೋದವರಿಗೂ ಇದನ್ನು ಪ್ರತಿ ಸಲ ಹೇಳಬೇಕು.) ನಾನು ಶೂ ಲೇಸ್ ಕಟ್ಟುತ್ತಿರುತ್ತೇನೆ. ಫ್ಯಾಮಿಲಿ ಗ್ರೂಪಿನಲ್ಲಿ ದೊಡ್ಡಪ್ಪನ ಫಾರ್ವರ್ಡ್ ಬಂದಿರುತ್ತದೆ: ಒಬ್ಬ ಖ್ಯಾತ ಹೃದ್ರೋಗ ತಜ್ಞರ ಹೆಸರು, ಅದರ ಕೆಳಗೆ ‘ಓಟ ಬೇಡ, ನಡಿಗೆ ಸಾಕು, ಓಡಿದರೆ ಕೀಲು ಸವೆಯುತ್ತದೆ’. ಅದರ ಹಿಂದೆಯೇ ಅವರದೇ ಒಂದು ಸಾಲು: ‘ಪುಟ್ಟೀ, ಇದನ್ನ ಓದು.’

ನಾಲ್ಕು ವರ್ಷದ ಹಿಂದೆ, ನನಗೆ 39 ಆಗಿದ್ದಾಗ, ಆಫೀಸಿನವರು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆ ಸರಾಸರಿ 6.1 ಬಂದಿತ್ತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದರ್ಥ. ಅಪ್ಪನಿಗೂ ಸಕ್ಕರೆ, ಅಜ್ಜಿಗೂ ಸಕ್ಕರೆ. ಹೀಗೆ ನಡೆಯಲು ಶುರು ಮಾಡಿದವಳು ಓಡಿದೆ, ಆಮೇಲೆ ಈಜು ಕಲಿತೆ. ಈಗ 5.6 ಇದೆ. ಅನ್ನವನ್ನೂ ಕಡಿಮೆ ಮಾಡಿದ್ದೆ, ಹಾಗಾಗಿ ಎಲ್ಲ ಪುಣ್ಯವನ್ನೂ ಓಟದ ಲೆಕ್ಕಕ್ಕೇ ಬರೆಯುವಂತಿಲ್ಲ.

ಈ ನಾಲ್ಕು ವರ್ಷದಲ್ಲಿ ಪ್ರತಿ ಹೆಜ್ಜೆಗೂ ಒಂದು ಫಾರ್ವರ್ಡ್ ಎದುರಾಗಿದೆ. ಒಂದೊಂದನ್ನೇ ಹುಡುಕಿ ನೋಡುತ್ತಾ ಹೋದಾಗ ನನಗೆ ಕಂಡದ್ದು ಇಷ್ಟು: ಅಷ್ಟೇನೂ ಅಪಾಯವಿಲ್ಲದ ಕೆಲಸಗಳ ಬಗ್ಗೆ ಇವು ನಮ್ಮನ್ನು ಹೆದರಿಸುತ್ತವೆ, ಜೀವ ಹೋಗುವ ಹೊತ್ತಿನಲ್ಲಿ ಮಾತ್ರ ಸುಳ್ಳು ಧೈರ್ಯ ಕೊಡುತ್ತವೆ. ಮೊದಲನೆಯದರಿಂದ ಜನ ಸೋಫಾ ಬಿಟ್ಟು ಏಳುವುದಿಲ್ಲ. ಎರಡನೆಯದರಿಂದ ಜನ ಸಾಯುತ್ತಾರೆ.

ಮಂಡಿ ಬ್ರೇಕ್ ಪ್ಯಾಡ್ ಅಲ್ಲ

ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುವುದು ನಿಜ. ಹಾಗಿದ್ದರೆ ಬೈಕಿನ ಬ್ರೇಕ್ ಪ್ಯಾಡ್ ತರಹ ಮಂಡಿಯೂ ಸವೆಯಬೇಕಲ್ಲವೇ? ಬ್ರೇಕ್ ಪ್ಯಾಡಿಗೆ ಜೀವವಿಲ್ಲ, ಮಂಡಿಗೆ ಇದೆ. ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಪೋಷಣೆ ಕೀಲಿನೊಳಗಿನ ದ್ರವದಿಂದ ಬರುತ್ತದೆ. ಪಾತ್ರೆ ತೊಳೆಯುವ ಸ್ಪಾಂಜನ್ನು ಹಿಂಡಿ ಬಿಟ್ಟಾಗ ನೀರು ಹೀರುವುದಿಲ್ಲವೇ, ಹಾಗೆ. ಭಾರ ಬಿದ್ದು ಬಿಟ್ಟಾಗಲೇ ಅದಕ್ಕೆ ಊಟ. ಅಳತೆಯಲ್ಲಿ ಬೀಳುವ ಭಾರಕ್ಕೆ ಮೃದ್ವಸ್ಥಿ ಹೊಂದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಗಟ್ಟಿಯಾಗುತ್ತದೆ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಲೆಕ್ಕ ನೋಡಿ. ಸೊಂಟ ಅಥವಾ ಮಂಡಿ ಸವೆತ ಹವ್ಯಾಸಿ ಓಟಗಾರರಲ್ಲಿ ಶೇ. 3.5 ಮಂದಿಗಿತ್ತು. ಓಡದೆ ಕೂತೇ ಇರುವವರಲ್ಲಿ ಶೇ. 10.2. ಸ್ಪರ್ಧಾಮಟ್ಟದ ಓಟಗಾರರಲ್ಲಿ ಶೇ. 13.3. ಫಾರ್ವರ್ಡಿನ ಅರ್ಧ ಸತ್ಯ ಹುಟ್ಟಿರುವುದು ಬಹುಶಃ ಈ ಕೊನೆಯ ಅಂಕಿಯ ಕಡೆಯಿಂದ. ಆದರೆ ಅದು ವರ್ಷಗಟ್ಟಲೆ ದೇಹವನ್ನು ದಂಡಿಸುವವರ ಮಾತು, ಭಾನುವಾರ ಜ್ಞಾನಭಾರತಿ ಆವರಣದಲ್ಲಿ ಮರಗಳ ನೆರಳಲ್ಲಿ ಆರು ಕಿಲೋಮೀಟರ್ ಓಡಿ ದಾರಿಯಲ್ಲಿ ಇಡ್ಲಿ ತಿಂದು ಮನೆಗೆ ಬರುವವರದ್ದಲ್ಲ. ಒಂದು ಆಕ್ಷೇಪವನ್ನೂ ಹೇಳಿಬಿಡಬೇಕು: ಮಂಡಿ ನೋವಿರುವವರು ಓಟವನ್ನೇ ಬಿಟ್ಟಿರುತ್ತಾರೆ, ಅದರಿಂದಲೂ ಓಟಗಾರರ ಲೆಕ್ಕ ಚೆನ್ನಾಗಿ ಕಾಣಬಹುದು. ಅದನ್ನು ಒಪ್ಪಿಕೊಂಡರೂ ‘ಓಡಿದರೆ ಮಂಡಿ ಹೋಗುತ್ತದೆ’ ಎನ್ನಲು ಆಧಾರ ಸಿಗುವುದಿಲ್ಲ. ಈಗಾಗಲೇ ಮಂಡಿ ಸವೆದಿದ್ದರೆ, ಲಿಗಮೆಂಟ್ ಪೆಟ್ಟಾಗಿದ್ದರೆ, ತೂಕ ತೀರಾ ಹೆಚ್ಚಿದ್ದರೆ ವೈದ್ಯರನ್ನು ಕೇಳಿ ನಡಿಗೆಯಿಂದಲೇ ಶುರು ಮಾಡಿ. ಆ ಮಟ್ಟಿಗೆ ದೊಡ್ಡಪ್ಪ ಹೇಳುವುದು ಸರಿ.

ಓಟದಲ್ಲಿ ನಿಜವಾಗಿ ಕಾಡುವುದು ಅವಸರ. ನಾನು ನಾಲ್ಕು ಕಿಲೋಮೀಟರ್ ಓಡುತ್ತಿದ್ದವಳು ಒಂದು ಭಾನುವಾರ ಉಮೇದಿನಲ್ಲಿ ಒಂಬತ್ತು ಓಡಿದೆ. ಮರುದಿನ ಮೊಣಕಾಲಿನ ಕೆಳಗೆ ಮುಂಗಾಲಿನ ಮೂಳೆಯಲ್ಲಿ ನೋವು ಹಿಡಿಯಿತು, ಮೂರು ವಾರ ಕುಂಟಿದೆ. 5,200ಕ್ಕೂ ಹೆಚ್ಚು ಓಟಗಾರರನ್ನು ಗಮನಿಸಿ 2025ರಲ್ಲಿ ಬಂದ ಅಧ್ಯಯನ ಇದನ್ನೇ ಹೇಳುತ್ತದೆ. ಹಿಂದಿನ 30 ದಿನಗಳಲ್ಲಿ ನೀವು ಓಡಿದ ಅತಿ ಉದ್ದದ ದೂರಕ್ಕಿಂತ ಒಂದೇ ಸಲಕ್ಕೆ ಶೇ. 10ಕ್ಕಿಂತ ಹೆಚ್ಚು ಓಡಿದರೆ ಗಾಯದ ಸಂಭವ ಏರುತ್ತದೆ. ಎರಡು ಪಟ್ಟು ಮೀರಿದರೆ ಸಂಭವವೂ ಇಮ್ಮಡಿಗಿಂತ ಹೆಚ್ಚು. ಅಂದ ಹಾಗೆ, ಓಡಿದ ಮರುದಿನದ ಮೈಕೈ ನೋವಿಗೆ ‘ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ, ನಿಂಬೆರಸ ಕುಡಿ’ ಅನ್ನುತ್ತಾರಲ್ಲ, ಅದೂ ತಪ್ಪು. ಲ್ಯಾಕ್ಟೇಟ್ ಗಂಟೆಯೊಳಗೆ ರಕ್ತದಿಂದ ಖಾಲಿಯಾಗಿರುತ್ತದೆ. ಆ ನೋವು ಸ್ನಾಯುವಿನ ಎಳೆಗಳಿಗಾದ ಸಣ್ಣಪುಟ್ಟ ಪೆಟ್ಟಿನದು, ಎರಡು ಮೂರು ದಿನದಲ್ಲಿ ತಾನೇ ಇಳಿಯುತ್ತದೆ. ನಿಂಬೆರಸ ಬೇಕಿದ್ದರೆ ರುಚಿಗೆ ಕುಡಿಯಿರಿ.

ನೀರಿನೊಳಗೆ ಉಸಿರು ಬಿಡುವುದು

ಆ ಮೂರು ವಾರದ ಕುಂಟಾಟವೇ ನನ್ನನ್ನು ಈಜುಕೊಳಕ್ಕೆ ಕರೆದುಕೊಂಡು ಹೋದದ್ದು. ಎದೆಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲಿನ ಭಾರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಂತ ಈಜೊಂದೇ ಸಾಕು ಅನ್ನುವ ಹಾಗಿಲ್ಲ. ಭಾರ ಬೀಳದಿದ್ದರೆ ಮೂಳೆ ಗಟ್ಟಿಯಾಗುವುದಿಲ್ಲ. ನಲವತ್ತು ದಾಟಿದ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ, ಆದ್ದರಿಂದ ಓಟವೋ ಚುರುಕು ನಡಿಗೆಯೋ ಜೊತೆಗಿರಬೇಕು.

ಲೇಡೀಸ್ ಬ್ಯಾಚಿನಲ್ಲಿ ಅರ್ಧ ಜನ ನನ್ನ ವಯಸ್ಸಿನವರೇ. ಎಲ್ಲರಿಗೂ ಒಂದೇ ಭಯ: ಮುಖ ನೀರಿನೊಳಗೆ ಹೋಗುವುದು. ನಮ್ಮ ಬೆಂಗಳೂರಿನವರೇ ಆದ ನಿಶಾ ಮಿಲ್ಲೆಟ್ ಐದನೇ ವಯಸ್ಸಿನಲ್ಲಿ ಮುಳುಗಿ ಹೋಗುವುದರಲ್ಲಿದ್ದರು. ಮಗಳು ಈಜು ಕಲಿಯಲೇಬೇಕು ಎಂದು ಅಪ್ಪ ಹಟ ಹಿಡಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆಕೆ ಭಾರತದ ಪರವಾಗಿ ಈಜಿದರು. ನಮ್ಮ ಗುರಿ 25 ಮೀಟರಿನ ಆ ಕಡೆಯ ಗೋಡೆ ಮುಟ್ಟುವುದಷ್ಟೇ. ನನಗೆ ಅದಕ್ಕೇ ಎರಡೂವರೆ ತಿಂಗಳು ಹಿಡಿಯಿತು.

ಆ ಭಯ ಹೇಗೆ ಹೋಯಿತು ಎಂಬುದರ ಹಿಂದೆ ಒಳ್ಳೆಯ ವಿಜ್ಞಾನವಿದೆ. ‘ಉಸಿರು ಕಟ್ಟುತ್ತಿದೆ’ ಅನ್ನಿಸುವುದು ಆಮ್ಲಜನಕ ಮುಗಿದಿದ್ದಕ್ಕಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದಕ್ಕೆ. ಹೊಸಬರು ನೀರಿನಲ್ಲಿ ಉಸಿರನ್ನು ಬಿಗಿ ಹಿಡಿಯುತ್ತಾರೆ. ಆಗ ಡೈಆಕ್ಸೈಡ್ ಏರಿ ಮೆದುಳು ಗಾಬರಿಯ ಗಂಟೆ ಬಾರಿಸುತ್ತದೆ. ಕೋಚ್ ನಮಗೆ ಮೊದಲ ವಾರ ಕಲಿಸಿದ್ದು ಅಂಚು ಹಿಡಿದು ನೀರಿನೊಳಗೆ ಗುಳ್ಳೆ ಬಿಡುವುದನ್ನು ಮಾತ್ರ. ಉಸಿರು ಬಿಡುತ್ತಾ ಹೋದರೆ ತಲೆ ಎತ್ತಿದಾಗ ಒಳಗೆಳೆಯುವುದಷ್ಟೇ ಉಳಿಯುತ್ತದೆ, ಗಾಬರಿ ಕಡಿಮೆಯಾಗುತ್ತದೆ. ಆಫೀಸಿನಲ್ಲಿ ಬಾಸ್ ಕೂಗಾಡುವಾಗಲೂ ನಾನು ಈಗ ಇದನ್ನೇ ಮಾಡುತ್ತೇನೆ, ಗುಳ್ಳೆ ಇಲ್ಲದೆ.

ಇಲ್ಲೇ ಒಂದು ಫಾರ್ವರ್ಡ್ ನಿಜಕ್ಕೂ ಅಪಾಯಕಾರಿ. ಕೊರೋನಾ ಕಾಲದ ವಿಡಿಯೋ ನೆನಪಿದೆಯೇ? ಚುಕ್ಕಿಯೊಂದು ಚಲಿಸಿ ಗುರಿ ಮುಟ್ಟುವವರೆಗೆ ಉಸಿರು ಹಿಡಿದರೆ ನಿಮ್ಮ ಶ್ವಾಸಕೋಶ ಭದ್ರವಾಗಿದೆ, ಸೋಂಕಿಲ್ಲ ಎಂದು ಹೇಳುತ್ತಿತ್ತು. ಸೋಂಕಿದ್ದವರೂ ಉಸಿರು ಹಿಡಿಯಬಲ್ಲರು, ಆ ಪರೀಕ್ಷೆಗೆ ಅರ್ಥವಿರಲಿಲ್ಲ. ಕೊರೋನಾ ಹೋದರೂ ಉಸಿರು ಹಿಡಿಯುವ ಪಂದ್ಯ ಈಜುಕೊಳದ ಹುಡುಗರಲ್ಲಿ ಉಳಿದಿದೆ. ಅವರು ಮುಳುಗುವ ಮುಂಚೆ ಜೋರಾಗಿ ಹತ್ತಿಪ್ಪತ್ತು ಸಲ ಉಸಿರಾಡುತ್ತಾರೆ. ಇದರಿಂದ ಆಮ್ಲಜನಕವೇನೂ ಹೆಚ್ಚು ತುಂಬುವುದಿಲ್ಲ, ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ಅಂದರೆ ಎಚ್ಚರಿಕೆಯ ಗಂಟೆಯ ತಂತಿಯನ್ನೇ ಕಿತ್ತ ಹಾಗೆ. ಆಮ್ಲಜನಕ ತಳ ಮುಟ್ಟುತ್ತಿದ್ದರೂ ಉಸಿರಾಡಬೇಕು ಅನ್ನಿಸುವುದಿಲ್ಲ, ಯಾವ ಮುನ್ಸೂಚನೆಯೂ ಇಲ್ಲದೆ ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬರುವವರೇ ಹೀಗೆ ಹೆಚ್ಚು ಸಾಯುವುದು. ಮನೆಯಲ್ಲಿ ಈಜಿಗೆ ಹೋಗುವ ಮಕ್ಕಳಿದ್ದರೆ ಇದನ್ನು ಇವತ್ತೇ ಹೇಳಿ.

ಉಳಿದವು ಚಿಲ್ಲರೆ. ಊಟವಾದ ತಕ್ಷಣ ಈಜಿದರೆ ಸೆಳೆತ ಬಂದು ಮುಳುಗುತ್ತಾರೆ ಎಂಬುದಕ್ಕೆ ಆಧಾರವಿಲ್ಲ, ಹೊಟ್ಟೆ ಭಾರವಾಗಿ ವಾಕರಿಕೆ ಬರಬಹುದು ಅಷ್ಟೇ. (ಕುಡಿದು ನೀರಿಗಿಳಿಯುವುದು ಬೇರೆ ಮಾತು, ಅದು ಕೊಲ್ಲುತ್ತದೆ.) ‘ಕ್ಲೋರಿನ್ ವಾಸನೆ ಜೋರಾಗಿದ್ದರೆ ನೀರು ಶುದ್ಧ’ ಅನ್ನುವುದು ಉಲ್ಟಾ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ಗಳ ವಾಸನೆ ಅದು. ಕಣ್ಣು ಉರಿಯುವುದೂ ಹೆಚ್ಚಾಗಿ ಅದರಿಂದಲೇ. ಇಳಿಯುವ ಮುಂಚೆ ಸ್ನಾನ ಮಾಡಿ ಎಂಬ ಬೋರ್ಡು ಇರುವುದು ಅದಕ್ಕೇ.

21 ದಿನ ಸಾಲದು

‘21 ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ.’ ಸೂರ್ಯೋದಯದ ಚಿತ್ರದ ಮೇಲೆ ಬರೆದು ಕಳಿಸುವ ಈ ಮಾತನ್ನು ನಂಬಿ ನಾನು 22ನೇ ದಿನ ಅತ್ತಿದ್ದೇನೆ, ಹಾಸಿಗೆ ಬಿಟ್ಟು ಏಳಲಾಗದೆ. ಇದರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕ. ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕು ಎಂಬುದು ಅವರು ಗಮನಿಸಿದ್ದು. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಉದುರಿಹೋಯಿತು. ಲಂಡನ್ನಿನ ಸಂಶೋಧಕರು 96 ಜನರನ್ನು ಗಮನಿಸಿದಾಗ ಒಂದು ಕೆಲಸ ಅಭ್ಯಾಸವಾಗಲು ಸರಾಸರಿ 66 ದಿನ ಬೇಕಾಯಿತು. ವ್ಯಾಪ್ತಿ 18ರಿಂದ 254 ದಿನ! ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ ಎಂಬುದು ಅದರಲ್ಲಿ ನನಗೆ ಅತಿ ಇಷ್ಟವಾದ ಭಾಗ. ಹಬ್ಬ, ಜ್ವರ, ಮನೆಗೆ ಬಂದ ನೆಂಟರು, ಎಲ್ಲಕ್ಕೂ ಅದರಲ್ಲಿ ಜಾಗವಿದೆ.

ಅತ್ತ ತುದಿಯಲ್ಲಿ ಅನು ವೈದ್ಯನಾಥನ್ ಅಂಥವರಿದ್ದಾರೆ. ಎಂಜಿನಿಯರಿಂಗ್ ಕೆಲಸ, ತಮ್ಮದೇ ಕಂಪನಿಯ ನಡುವೆ ಬೆಂಗಳೂರಿನ ಈ ರಸ್ತೆಗಳಲ್ಲೇ ಅಭ್ಯಾಸ ಮಾಡಿ, 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನ್ ಮುಗಿಸಿದವರು. ಮೂರು ದಿನದಲ್ಲಿ 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84 ಕಿ.ಮೀ. ಓಟ. ಅದನ್ನು ಓದಿ ನನಗೆ ಬಂದದ್ದು ಸ್ಫೂರ್ತಿಗಿಂತ ಹೆಚ್ಚಾಗಿ ಸುಸ್ತು.

ನೀರು ಹೆಚ್ಚಾದರೆ

‘ಬಾಯಾರುವ ಮುಂಚೆಯೇ ಕುಡಿಯಿರಿ, ಎಷ್ಟು ಕುಡಿದರೂ ಒಳ್ಳೆಯದು.’ ನನ್ನ ಮೊದಲ ಉದ್ದದ ಓಟದಲ್ಲಿ ಇದನ್ನು ಪಾಲಿಸಿ ಸಿಕ್ಕ ಸಿಕ್ಕ ಮೇಜಿನಲ್ಲೆಲ್ಲ ನೀರು ಕುಡಿದೆ. ಮುಗಿಯುವ ಹೊತ್ತಿಗೆ ತಲೆನೋವು, ವಾಂತಿ, ಬೆರಳಲ್ಲಿ ಉಂಗುರ ಬಿಗಿಯುವಷ್ಟು ಊತ. ರಕ್ತಪರೀಕ್ಷೆ ಮಾಡಿಸದೆ ಅದು ಇಂಥದ್ದೇ ಎಂದು ಹೇಳಲಾರೆ, ಆದರೆ ಲಕ್ಷಣಗಳು ಸೋಡಿಯಂ ಇಳಿದಾಗ ಬರುವಂಥವೇ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗುತ್ತದೆ, ನೀರು ಜೀವಕೋಶಗಳೊಳಗೆ ನುಗ್ಗುತ್ತದೆ, ಮೆದುಳು ಊದುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಒಬ್ಬ ಯುವತಿ ಹೀಗೆ ಸತ್ತರು. ಅದೇ ಓಟದ 488 ಜನರ ರಕ್ತ ನೋಡಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಕಡಿಮೆ ಇತ್ತು. ಓಟದ ಕೊನೆಯಲ್ಲಿ ತೂಕ ಇಳಿಯುವ ಬದಲು ಏರಿದವರಿಗೇ ಅಪಾಯ ಹೆಚ್ಚಿತ್ತು. ಬಾಯಾರಿದಾಗ ಕುಡಿಯಿರಿ. ಗಂಟೆ ಮೀರಿದ ಓಟವಾದರೆ ಒಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಇರಲಿ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ವಿಷಯ ವೈದ್ಯರನ್ನು ಕೇಳಲಿ.

ಎದೆ ಹಿಡಿದಾಗ ಕೆಮ್ಮುವುದು

2021ರ ಅಕ್ಟೋಬರ್ 29ರಂದು 46 ವರ್ಷದ ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಎದೆ ಪರೀಕ್ಷೆಗೆ ಜನ ಸಾಲು ನಿಂತರು. ‘ವ್ಯಾಯಾಮವೇ ಕೊಂದಿತು’ ಎಂಬ ಸಂದೇಶಗಳು ಹರಿದಾಡಿದವು. ನಮ್ಮ ಮನೆಯಲ್ಲಿ ಆಗಿನ್ನೂ ಯಾರೂ ಓಡುತ್ತಿರಲಿಲ್ಲ, ಆದರೂ ಅಮ್ಮ ತಮ್ಮನ ಜಿಮ್ ಬಿಡಿಸಿದರು. ಒಂದು ಸಾವಿನಿಂದ, ಅದೂ ನಾವೆಲ್ಲ ನಮ್ಮವನೆಂದುಕೊಂಡಿದ್ದವನ ಸಾವಿನಿಂದ, ಕಾರಣ ಊಹಿಸುವುದು ಸುಲಭ, ಆದರೆ ಸರಿಯಲ್ಲ. ಅಂಕಿ ನೋಡೋಣ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್, ಅರ್ಧ ಮ್ಯಾರಥಾನ್ ಓಡಿದ 1 ಕೋಟಿ 9 ಲಕ್ಷ ಮಂದಿಯಲ್ಲಿ ಹೃದಯಸ್ತಂಭನವಾದದ್ದು 59 ಜನರಿಗೆ, ಅಂದರೆ ಸುಮಾರು 1,84,000ಕ್ಕೆ ಒಬ್ಬರಿಗೆ. ಅವರಲ್ಲಿ ಅನೇಕರಿಗೆ ಮೊದಲೇ ಹೃದಯದ ತೊಂದರೆ ಇತ್ತು. ಹೆಚ್ಚಿನವರಿಗೆ ಅದು ಗೊತ್ತಿರಲಿಲ್ಲ.

ಹಾಗಾಗಿ ಹೆದರಬೇಕಾದದ್ದು ಓಟಕ್ಕಲ್ಲ, ಮೈ ಕೊಡುವ ಸೂಚನೆಯನ್ನು ತಳ್ಳಿಹಾಕುವುದಕ್ಕೆ. ಶ್ರಮ ಪಟ್ಟಾಗ ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ಎಂದಿಲ್ಲದ ಏದುಸಿರು, ಓಡುವಾಗ ಕಣ್ಣು ಕತ್ತಲೆ ಬಂದು ಬೀಳುವುದು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ಹೋಗಿರುವುದು: ಇವಿದ್ದರೆ ಮೊದಲು ವೈದ್ಯರು, ಆಮೇಲೆ ಶೂ. ನಮ್ಮಲ್ಲಿ ಇದಕ್ಕೆಲ್ಲ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು, ಜೀರಿಗೆ ಕಷಾಯ ಎಂಬ ಒಂದೇ ಮದ್ದು. ಎಷ್ಟೋ ಮನೆಗಳಲ್ಲಿ ಅಮೂಲ್ಯವಾದ ಮೊದಲ ಗಂಟೆ ಕಷಾಯ ಕುದಿಸುವುದರಲ್ಲೇ ಮುಗಿಯುತ್ತದೆ. ರಾಜ್ಯ ಸರ್ಕಾರ ಪುನೀತ್ ಹೆಸರಿನಲ್ಲೇ ತಂದಿರುವ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮತ್ತು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಸಿಗುತ್ತವೆ.

ಈ ಹೊತ್ತಿಗೆ ಇನ್ನೊಂದು ಫಾರ್ವರ್ಡ್ ಕಾದು ಕೂತಿರುತ್ತದೆ: ‘ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಾ ಇರಿ, ಹತ್ತು ಜನಕ್ಕೆ ಕಳಿಸಿ, ಜೀವ ಉಳಿಸಿ.’ ದಯವಿಟ್ಟು ಕಳಿಸಬೇಡಿ. ಹೃದಯಾಘಾತವೆಂದರೆ ರಕ್ತನಾಳ ಕಟ್ಟಿರುವುದು, ಕೆಮ್ಮಿದರೆ ಅದು ತೆರೆಯುವುದಿಲ್ಲ. ಹೃದಯಸ್ತಂಭನವೆಂದರೆ ಬಡಿತವೇ ನಿಂತದ್ದು, ಆಗ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ, ಕೆಮ್ಮಲು ಯಾರಿರುತ್ತಾರೆ? ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ, ಬಾಗಿಲ ಚಿಲಕ ತೆಗೆದಿಡಿ, ಪಕ್ಕದ ಮನೆಯವರನ್ನು ಕೂಗಿ. ಎದುರಿಗೇ ಯಾರಾದರೂ ಕುಸಿದು, ಅಲುಗಿಸಿದರೂ ಮಾತಾಡದೆ, ಸರಿಯಾಗಿ ಉಸಿರಾಡದಿದ್ದರೆ, ಎದೆಯ ನಡುವೆ ಎರಡೂ ಅಂಗೈ ಇಟ್ಟು ಐದಾರು ಸೆಂಟಿಮೀಟರ್ ಒಳಗೆ ಹೋಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ, ಆಂಬುಲೆನ್ಸ್ ಬರುವವರೆಗೆ.

ಮುಳುಗುವವರು ಕೂಗುವುದಿಲ್ಲ

ಕಳೆದ ಬೇಸಿಗೆಯಲ್ಲಿ ಈಜುಕೊಳದ ಆಳವಿಲ್ಲದ ಕಡೆ, ನನ್ನಿಂದ ಎರಡು ಮಾರು ದೂರದಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಮುಳುಗುತ್ತಿದ್ದಳು. ನಾನು ನೋಡಿದೆ. ಆಡುತ್ತಿದ್ದಾಳೆ ಅಂದುಕೊಂಡೆ. ಕೋಚ್ ಬಟ್ಟೆಯಲ್ಲೇ ಧುಮುಕಿ ಎತ್ತಿದರು. ಅವಳು ಕೆಮ್ಮಿ ಅತ್ತಳು, ಬದುಕಿದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ ‘ಕಾಪಾಡಿ’ ಅನ್ನುತ್ತಾರೆ. ನಿಜವಾಗಿ ಮುಳುಗುವವರಿಗೆ ಕೂಗಲು ಉಸಿರೇ ಇರುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಏಳುತ್ತಾ ಬೀಳುತ್ತಾ ಇರುತ್ತದೆ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ತಲೆ ಹಿಂದಕ್ಕೆ ವಾಲಿರುತ್ತದೆ. ಸದ್ದಿಲ್ಲದೆ, ನಿಮಿಷದೊಳಗೆ ಮುಗಿದುಹೋಗುತ್ತದೆ. 2022ರಲ್ಲಿ ನಮ್ಮ ದೇಶದಲ್ಲಿ ಹೀಗೆ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಹೇಳುತ್ತದೆ.

ಇನ್ನು ಉಪ್ಪಿನ ವಿಷಯ. ‘ಮುಳುಗಿ ಸತ್ತವರನ್ನು ಕ್ವಿಂಟಲ್ ಉಪ್ಪಿನಲ್ಲಿ ಮುಚ್ಚಿಟ್ಟರೆ ಕೆಲವು ಗಂಟೆಗಳಲ್ಲಿ ಜೀವ ಬರುತ್ತದೆ’ ಎಂಬ ಸಂದೇಶ ನಿಮಗೂ ಬಂದಿರಬಹುದು. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ತಾಲ್ಲೂಕಿನ ಸಿರವಾರದಲ್ಲಿ ಮುಳುಗಿ ಹೋದ ಬಾಲಕನೊಬ್ಬನನ್ನು ಮನೆಯವರು ಇದನ್ನೇ ನಂಬಿ ಉಪ್ಪಿನ ರಾಶಿಯಲ್ಲಿ ಗಂಟೆಗಟ್ಟಲೆ ಇಟ್ಟಿದ್ದರು. 2023ರ ಡಿಸೆಂಬರಿನಲ್ಲಿ ಹಾವೇರಿ ಜಿಲ್ಲೆಯಲ್ಲಿ ಇಬ್ಬರು ಹುಡುಗರ ವಿಷಯದಲ್ಲೂ ಅದೇ ನಡೆಯಿತು. ಯಾರೂ ಏಳಲಿಲ್ಲ. ಆ ತಂದೆತಾಯಿಯರನ್ನು ನಗುವ ಮನಸ್ಸು ನನಗಿಲ್ಲ. ಮಗ ಕಣ್ಣೆದುರು ಮಲಗಿರುವಾಗ ಫೋನಿನಲ್ಲಿ ಭರವಸೆ ಬಂದರೆ ನಾನೂ ಉಪ್ಪು ಹುಡುಕಿಕೊಂಡು ಓಡುತ್ತಿದ್ದೆನೇನೋ.

ಈ ಸುಳ್ಳು ನಂಬುವಂತೆ ಕಾಣುವುದು ಉಪ್ಪಿನಕಾಯಿಯಿಂದ. ಮಾವಿನಕಾಯಿಗೆ ಉಪ್ಪು ಹಾಕಿದರೆ ನೀರು ಬಿಡುತ್ತದೆ, ಹಾಗೇ ಮೈಯ ನೀರೂ ಹೊರಬರುತ್ತದೆ ಎಂಬ ಲೆಕ್ಕ. ಆದರೆ ಚರ್ಮದ ಮೇಲಿನ ಉಪ್ಪು ಶ್ವಾಸಕೋಶದ ನೀರನ್ನು ಎಳೆಯಲಾರದು. ಅಸಲಿಗೆ ತೊಂದರೆ ನೀರಿನದಲ್ಲ, ಮೆದುಳಿಗೆ ಆಮ್ಲಜನಕ ನಿಂತದ್ದರದು. ಕೆಲವೇ ನಿಮಿಷಗಳಲ್ಲಿ ಮೆದುಳಿನ ಕೋಶಗಳು ಸಾಯತೊಡಗುತ್ತವೆ. ಕಾಲು ಹಿಡಿದು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದೂ ಬೇಡ. ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಸೇರುತ್ತದೆ, ಇದ್ದ ನಿಮಿಷವೂ ಹೋಗುತ್ತದೆ.

ಕೆರೆ, ಕೃಷಿ ಹೊಂಡದ ಪಕ್ಕ ನಿಂತಿದ್ದೀರಿ, ಯಾರೋ ಮುಳುಗುತ್ತಿದ್ದಾರೆ. ರಕ್ಷಣೆಯ ತರಬೇತಿ ಇಲ್ಲದಿದ್ದರೆ ಇಳಿಯಬೇಡಿ, ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋಗುವುದು ಹೀಗೇ. ಹಗ್ಗ, ಸೀರೆ, ಉದ್ದ ಕೋಲು, ಮುಚ್ಚಳ ಹಾಕಿದ ಖಾಲಿ ಕ್ಯಾನ್, ಏನು ಸಿಕ್ಕಿದರೂ ಎಸೆಯಿರಿ. ದಡಕ್ಕೆ ತಂದ ಮೇಲೆ ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಮೊದಲು ಉಸಿರು ಊದಿ. ಇಲ್ಲಿ ಕೊರತೆಯಾಗಿರುವುದು ಆಮ್ಲಜನಕವಾದ್ದರಿಂದ ಉಸಿರೇ ಮೊದಲು. ಆಮೇಲೆ ಎದೆ ಒತ್ತುವುದು 30 ಸಲ, ಉಸಿರು 2 ಸಲ, ನಿಲ್ಲಿಸದೆ. ಇನ್ನೊಬ್ಬರು 108ಕ್ಕೆ ಕರೆ ಮಾಡುತ್ತಿರಲಿ. ಎದ್ದು ಕೂತು ‘ಏನಿಲ್ಲ’ ಅಂದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಉಸಿರಿನ ತೊಂದರೆ ಕೆಲವು ಗಂಟೆ ಬಿಟ್ಟು ಹೆಚ್ಚಾಗಬಹುದು.

ಇದನ್ನೆಲ್ಲ ಬರೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಎರಡು ದಿನ ಯಾರೂ ಏನೂ ಅನ್ನಲಿಲ್ಲ. ಮೂರನೇ ದಿನ ಬೆಳಗ್ಗೆ ಎಂದಿನಂತೆ ಗುಲಾಬಿ ಹೂವಿನ ಶುಭೋದಯ ಬಂತು. ಸಂಜೆ ದೊಡ್ಡಪ್ಪನ ಫೋನ್. ಊರಿನ ತೋಟದಲ್ಲಿ ಹೊಂಡ ತೆಗೆಸಿದ್ದಾರೆ, ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುತ್ತಾರೆ.

‘ಪುಟ್ಟೀ, ಆ ಖಾಲಿ ಕ್ಯಾನು ಎಷ್ಟು ಲೀಟರಿಂದು ಇಟ್ಟಿರಬೇಕು?’ ಅಂದರು.